ವರ್ಜೀನಿಯಾ ಬೀದಿಯಲ್ಲಿ ಹೊಗೆಸೊಪ್ಪಿನ ನೆನಪು: ಸ್ಕಾಟ್ಲೆಂಡಿನಲ್ಲಿ ನಾಲ್ಕು ದಿನ

ನಮ್ಮೂರು ಪಿರಿಯಾಪಟ್ಟಣದ ಹತ್ತಿರ. ನಮ್ಮ ಕಡೆ ವರ್ಜೀನಿಯಾ ಅಂದರೆ ಅಮೆರಿಕದ ರಾಜ್ಯವಲ್ಲ, ಹೊಗೆಸೊಪ್ಪು. ಅಪ್ಪ ಮೂವತ್ತು ವರ್ಷದಿಂದ ಅದನ್ನೇ ಬೆಳೆಯುತ್ತಿದ್ದಾರೆ. ನಾನೂ ತಂಗಿಯೂ ಸ್ಕೂಲಿಗೆ ಹೋಗುವ ಮುಂಚೆ ಎಲೆ ಕಿತ್ತು, ಕಡ್ಡಿಗೆ ಕಟ್ಟಿದವರು. ಮೊಳಕೈವರೆಗೂ ಕಪ್ಪು ಅಂಟು ಹತ್ತುತ್ತಿತ್ತು. ಸೋಪು ಹಾಕಿ ಉಜ್ಜಿದರೂ ಅನ್ನದ ತುತ್ತಿಗೆ ಕಹಿ ಬರುತ್ತಿತ್ತು.

ತಂಗಿ ಈಗ ಗ್ಲಾಸ್ಗೋದಲ್ಲಿ ನರ್ಸ್. ಆಗಸ್ಟ್ ಮೊದಲ ವಾರ ಅವಳ ಮನೆಗೆ ಹೋದೆ. ಕೋಟೆ, ಸರೋವರ, ಬೆಟ್ಟ ಎಲ್ಲ ನೋಡಿದೆ, ಎಲ್ಲವೂ ಚೆಂದವೇ. ಆದರೆ ವಾಪಸ್ ಬಂದ ಮೇಲೂ ನನ್ನನ್ನು ಬಿಡದೆ ಇರುವುದು ಈ ನಾಲ್ಕು ದಿನಗಳು. ಅದನ್ನೇ ಬರೆಯುತ್ತಿದ್ದೇನೆ.

ಮೊದಲ ದಿನ: ಗ್ಲಾಸ್ಗೋ

ಬೆಳಗ್ಗೆ ಜಿಟಿಜಿಟಿ ಮಳೆ. ಆಗಸ್ಟ್ ಅಂದರೆ ಇಲ್ಲಿ ಬೇಸಿಗೆ ಅಂತ ಬರೀ ಸ್ವೆಟರ್ ಹಾಕಿಕೊಂಡು ಹೊರಟಿದ್ದೆ. ಹತ್ತು ನಿಮಿಷಕ್ಕೆ ತೊಯ್ದು ಹೋದೆ. ಕೊಡೆ ಬಿಚ್ಚಿದರೆ ಗಾಳಿ ಅದನ್ನು ತಲೆಕೆಳಗು ಮಾಡಿತು, ಎರಡು ಕಡ್ಡಿ ಮುರಿದವು. ಇಲ್ಲಿನವರು ಯಾರೂ ಕೊಡೆ ಹಿಡಿಯುವುದಿಲ್ಲ. ಟೋಪಿ ಇರುವ ಮಳೆ ಜಾಕೆಟ್ ಒಂದಿದ್ದರೆ ಸಾಕು, ಕೊಡೆ ಊರಲ್ಲೇ ಬಿಟ್ಟು ಬನ್ನಿ.

ಊರಿನ ನಡುವೆ ಮರ್ಚೆಂಟ್ ಸಿಟಿ ಅನ್ನುವ ಹಳೆಯ ವ್ಯಾಪಾರಿ ಪೇಟೆ ಇದೆ. ತಿರುವಿನಲ್ಲಿ ಗೋಡೆಯ ಮೇಲಿನ ಹೆಸರು ಓದಿ ಅಲ್ಲೇ ನಿಂತೆ. ವರ್ಜೀನಿಯಾ ಸ್ಟ್ರೀಟ್. ತಂಗಿ ನನ್ನ ಮುಖ ನೋಡಿ, "ನಾನೂ ಮೊದಲ ಸಲ ಹಿಂಗೇ ನಿಂತಿದ್ದೆ ಅಕ್ಕ" ಅಂದಳು.

ನಮ್ಮ ಹೊಗೆಸೊಪ್ಪಿಗೂ ಈ ಬೀದಿಗೂ ಹೆಸರು ಬಂದಿದ್ದು ಒಂದೇ ಮಣ್ಣಿನಿಂದ. 1707ರಲ್ಲಿ ಸ್ಕಾಟ್ಲೆಂಡ್ ಇಂಗ್ಲೆಂಡಿನ ಜೊತೆ ಒಂದಾಯಿತು. ಇಂಗ್ಲಿಷರ ವಸಾಹತುಗಳ ಜೊತೆ ವ್ಯಾಪಾರ ಮಾಡಲು ಸ್ಕಾಟರಿಗೂ ದಾರಿ ತೆರೆಯಿತು. ಗ್ಲಾಸ್ಗೋದವರು ಅಮೆರಿಕದ ವರ್ಜೀನಿಯಾ, ಮೇರಿಲ್ಯಾಂಡುಗಳಲ್ಲಿ ಅಂಗಡಿ ಇಟ್ಟರು. ತೋಟದವರಿಗೆ ಬಟ್ಟೆ, ಗುದ್ದಲಿ, ಪಾತ್ರೆ ಸಾಲಕ್ಕೆ ಕೊಡುವುದು, ಬೆಳೆ ಬಂದಾಗ ಹೊಗೆಸೊಪ್ಪಿನಲ್ಲಿ ವಸೂಲಿ ಮಾಡುವುದು. ಸುಮಾರು 450 ಕೆಜಿ ಹಿಡಿಯುವ ಪೀಪಾಯಿಗಳಲ್ಲಿ ಸೊಪ್ಪು ಇಲ್ಲಿಗೆ ಬರುತ್ತಿತ್ತು. ಲಂಡನ್ನಿಗಿಂತ ಇಲ್ಲಿಗೆ ಹಡಗಿನ ದಾರಿ ಕೆಲವು ವಾರ ಕಮ್ಮಿ. 1760ರ ದಶಕದ ಹೊತ್ತಿಗೆ ಬ್ರಿಟನ್ನಿಗೆ ಬರುವ ಹೊಗೆಸೊಪ್ಪಿನಲ್ಲಿ ದೊಡ್ಡ ಪಾಲು ಸ್ಕಾಟರ ಕೈಯಲ್ಲಿತ್ತು. ಅದರಲ್ಲಿ ಬಹುಪಾಲು ಫ್ರಾನ್ಸ್ ಮುಂತಾದ ಕಡೆ ಮತ್ತೆ ಮಾರಾಟವಾಗುತ್ತಿತ್ತು.

ವ್ಯಾಪಾರಿಗಳನ್ನು ಜನ 'ಟೊಬ್ಯಾಕೊ ಲಾರ್ಡ್ಸ್' ಅನ್ನುತ್ತಿದ್ದರು. ಕೆಂಪು ನಿಲುವಂಗಿ ಹಾಕಿ, ಚಿನ್ನದ ಹಿಡಿಯ ಕೋಲು ಹಿಡಿದು ಓಡಾಡುತ್ತಿದ್ದರಂತೆ. ಬುಕ್ಯಾನನ್, ಗ್ಲಾಸ್‌ಫರ್ಡ್, ಇಂಗ್ರಾಮ್ ಅಂತ ಅವರ ಹೆಸರುಗಳೇ ಇವತ್ತಿಗೂ ಇಲ್ಲಿನ ಬೀದಿಗಳ ಹೆಸರು. ಸ್ವಲ್ಪ ಆಚೆ ಜಮೈಕಾ ಸ್ಟ್ರೀಟ್. ಎಲೆ ಕಿತ್ತ ಗುಲಾಮರ ಹೆಸರಿನ ಬೀದಿ ಎಲ್ಲೂ ಇಲ್ಲ. 2020ರ ಜೂನ್‌ನಲ್ಲಿ ಕೆಲವು ಹುಡುಗರು ಈ ಬೀದಿಫಲಕಗಳ ಕೆಳಗೆ ಕಪ್ಪು ಜನರ ಹೆಸರುಗಳನ್ನು ಅಂಟಿಸಿದ್ದರು. ವಿಲ್ಸನ್ ಸ್ಟ್ರೀಟಿಗೆ, ಅಮೆರಿಕದಲ್ಲಿ ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ರೋಸಾ ಪಾರ್ಕ್ಸ್ ಹೆಸರು.

ಮಾಡರ್ನ್ ಆರ್ಟ್ ಗ್ಯಾಲರಿ ಮುಂದೆ ಕುದುರೆ ಮೇಲೆ ಕೂತ ವೆಲ್ಲಿಂಗ್ಟನ್ ಪ್ರತಿಮೆ ಇದೆ. ತಲೆ ಮೇಲೆ ರಸ್ತೆಯಲ್ಲಿಡುವ ಕಿತ್ತಳೆ ಬಣ್ಣದ ಕೋನ್. ಎಷ್ಟು ಸಲ ತೆಗೆದರೂ ಊರಿನವರು ಮತ್ತೆ ಇಡುತ್ತಾರೆ. ಎಲ್ಲರೂ ಅದರ ಫೋಟೊ ತೆಗೆಯುತ್ತಿದ್ದರು. ನನಗೆ ಕಂಡಿದ್ದು ಬೇರೆ. ಈತ ನಮ್ಮ ಶ್ರೀರಂಗಪಟ್ಟಣದ ಆರ್ಥರ್ ವೆಲ್ಲೆಸ್ಲಿ. 1799ರ ಮೇ 4ರಂದು ಟಿಪ್ಪು ಸತ್ತ ಮೇಲೆ ಪಟ್ಟಣದ ಉಸ್ತುವಾರಿ ಹಿಡಿದವನು.

ಪ್ರತಿಮೆಯ ಹಿಂದಿರುವ ಕಟ್ಟಡ 1778ರಲ್ಲಿ ವಿಲಿಯಂ ಕನ್ನಿಂಗ್‌ಹ್ಯಾಮ್ ಕಟ್ಟಿಸಿದ ಮನೆ. ಅಮೆರಿಕದ ಸ್ವಾತಂತ್ರ್ಯ ಯುದ್ಧ ಶುರುವಾದಾಗ ಎಷ್ಟೋ ವ್ಯಾಪಾರಿಗಳು ಮುಳುಗಿದರು. ಈತ ಮಾತ್ರ ಸೊಪ್ಪಿನ ದಾಸ್ತಾನು ಹಿಡಿದಿಟ್ಟು, ಬೆಲೆ ಏರಿದಾಗ ಮಾರಿದ. ಕಂಬಗಳ ಮೇಲೆ ಕೈಯಿಟ್ಟೆ. ಕಲ್ಲು ತಣ್ಣಗಿತ್ತು. ನಮ್ಮ ಮನೆಯ ಬ್ಯಾರನ್, ಅಂದರೆ ಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಹದ ಮಾಡುವ ಕೋಣೆ, ನೆನಪಾಯಿತು. ಬೆಂಕಿ ಹಾಕಿದ ಮೇಲೆ ಐದಾರು ದಿನ ಹಗಲು ರಾತ್ರಿ ಕಾಯಬೇಕು. ಒಂದು ರಾತ್ರಿ ಕಣ್ಣು ಹತ್ತಿದರೆ ಹದ ತಪ್ಪಿ ಎಲೆ ಕಪ್ಪಾಗುತ್ತದೆ. ವರ್ಷದ ಕೂಳು ಹೋಯಿತು ಅಂತ ಅರ್ಥ. ಅಷ್ಟು ಕಷ್ಟದ ಬೆಳೆ ಇದು. ಕೂಲಿಯಿಲ್ಲದೆ, ಚಾಟಿ ಏಟಿನ ಕೆಳಗೆ ಇದನ್ನು ಬೆಳೆದವರ ಕೈಗಳು ಹೇಗಿದ್ದವೋ. ಆ ಅಂಟನ್ನು ಅವರು ಯಾವುದರಿಂದ ತೊಳೆಯುತ್ತಿದ್ದರೋ.

ಮಳೆ ಜೋರಾಯಿತು. ಗ್ಯಾಲರಿಗೆ ಟಿಕೆಟ್ ಇಲ್ಲ. ನೆಲಮಾಳಿಗೆಯಲ್ಲಿ ಲೈಬ್ರರಿ ಇದೆ, ಬೆಚ್ಚಗೆ ಕೂತು ಓದಬಹುದು. ಮಳೆ ಬಂದರೆ ನೀವೂ ಅಲ್ಲಿಗೇ ಹೋಗಿ. ಅಲ್ಲಿ ಊರಿನ ಚರಿತ್ರೆಯ ಪುಸ್ತಕ ತಿರುವುತ್ತಿದ್ದಾಗ ಥಾಮಸ್ ಮನ್ರೋ ಹೆಸರು ಕಣ್ಣಿಗೆ ಬಿತ್ತು.

ಮಂತ್ರಾಲಯಕ್ಕೆ ಹೋದವರಿಗೆಲ್ಲ ಮನ್ರೋ ಸಾಹೇಬನ ಕಥೆ ಗೊತ್ತು. ಮಠದ ಜಮೀನಿನ ವಿಚಾರಕ್ಕೆ ಬಂದಾಗ ರಾಯರು ಬೃಂದಾವನದಿಂದ ಅವನ ಜೊತೆ ಮಾತಾಡಿದರು ಅಂತ ನಮ್ಮಜ್ಜಿ ಕೈ ಮುಗಿದು ಹೇಳುತ್ತಿದ್ದಳು. ಆ ಮನ್ರೋ ಹುಟ್ಟಿದ್ದು ಇದೇ ಗ್ಲಾಸ್ಗೋದಲ್ಲಿ, 1761ರಲ್ಲಿ. ಅವನ ಅಪ್ಪ ವರ್ಜೀನಿಯಾ ಜೊತೆ ವ್ಯಾಪಾರ ಮಾಡುತ್ತಿದ್ದವನು. ಅಮೆರಿಕದ ಯುದ್ಧದಲ್ಲಿ ಅವನ ವ್ಯಾಪಾರ ಮುರಿದುಬಿತ್ತು. ಮನೆಯ ಸ್ಥಿತಿ ಕೆಟ್ಟಿತು. ಮಗ ಕಂಪನಿಯ ಸೈನ್ಯ ಸೇರಿ ಮದ್ರಾಸಿನ ಹಡಗು ಹತ್ತಿದ. ಹೈದರ್, ಟಿಪ್ಪು ಜೊತೆಗಿನ ಯುದ್ಧಗಳಲ್ಲಿದ್ದ. 1799ರಲ್ಲಿ ಕೆನರಾಕ್ಕೆ, 1800ರಲ್ಲಿ ಬಳ್ಳಾರಿ, ಕಡಪ ಸೀಮೆಗೆ ಕಲೆಕ್ಟರಾದ. ರೈತವಾರಿ ಕಂದಾಯ ಅಂದರೆ ಇವನ ಹೆಸರೇ ಬರುತ್ತದೆ.

ಅಮೆರಿಕದಲ್ಲಿ ಗುಲಾಮರು ಬೆಳೆದ ಸೊಪ್ಪಿನ ವ್ಯಾಪಾರ ನಿಂತಿದ್ದಕ್ಕೆ ಒಬ್ಬ ಹುಡುಗ ನಮ್ಮ ಕಡೆ ಬಂದ. ನಾವು ಅವನನ್ನು ರಾಯರ ಕಥೆಯಲ್ಲಿ ಮಾತ್ರ ಬಲ್ಲೆವು. ಕಥೆಯ ಮೊದಲ ಅಧ್ಯಾಯ ಇಲ್ಲಿತ್ತು. ಎಷ್ಟೋ ಹೊತ್ತು ಪುಟ ತಿರುವದೆ ಕೂತಿದ್ದೆ.

ಸಂಜೆ ಇಂಗ್ರಾಮ್ ಸ್ಟ್ರೀಟಿನ ರ‍್ಯಾಮ್ಸ್‌ಹಾರ್ನ್ ಸ್ಮಶಾನಕ್ಕೆ ಹೋದೆವು. ಜಾನ್ ಗ್ಲಾಸ್‌ಫರ್ಡ್ ಸಮಾಧಿ ಅಲ್ಲಿದೆ. ಬೆಂಚಿನಲ್ಲಿ ಕೂತಿದ್ದ ಒಬ್ಬ ವಯಸ್ಸಾದ ಮೇಷ್ಟ್ರು ತಾವಾಗಿಯೇ ಮಾತಾಡಿಸಿದರು. ಗ್ಲಾಸ್‌ಫರ್ಡ್ ಸಂಸಾರದ ಒಂದು ದೊಡ್ಡ ವರ್ಣಚಿತ್ರ ಇದೆಯಂತೆ. ಅದರ ಅಂಚಿನಲ್ಲಿ ಒಬ್ಬ ಕಪ್ಪು ಹುಡುಗ ಇದ್ದ, ಆಮೇಲೆ ಅವನ ಮೇಲೆ ಬಣ್ಣ ಬಳಿದು ಮುಚ್ಚಿದರು ಅಂತ ಊರೆಲ್ಲ ಮಾತು. ಚಿತ್ರವನ್ನು ಶುಚಿ ಮಾಡುವಾಗ ನೋಡಿದರೆ ಹುಡುಗ ಅಲ್ಲೇ ಇದ್ದ. ಬಣ್ಣ ಮಾಸಿ, ಕೊಳೆ ಕೂತು ಕಾಣದಾಗಿದ್ದ, ಅಷ್ಟೆ.

"ಸ್ಕೂಲಿನಲ್ಲಿ ನಮಗೆ ಹೇಳಿಕೊಟ್ಟಿದ್ದು ಗುಲಾಮರ ವ್ಯಾಪಾರ ಲಿವರ್‌ಪೂಲಿನವರದು, ಬ್ರಿಸ್ಟಲಿನವರದು ಅಂತ" ಅಂದರು ಮೇಷ್ಟ್ರು. ಅದರಲ್ಲಿ ಅರ್ಧ ನಿಜವಿದೆ. ಸ್ಕಾಟ್ಲೆಂಡಿನ ಬಂದರುಗಳಿಂದ ಗುಲಾಮರನ್ನು ಹೊರಲು ನೇರವಾಗಿ ಹೋದ ಹಡಗುಯಾನಗಳು ಮೂವತ್ತರ ಆಸುಪಾಸು. ಲಿವರ್‌ಪೂಲಿನವು ಸಾವಿರಗಟ್ಟಲೆ. ಆದರೆ ಹಡಗಿನಲ್ಲಿ ಮಾತ್ರ ಲೆಕ್ಕ ಹುಡುಕಿದರೆ ಸಿಗುವುದಿಲ್ಲ. ಅದು ಅಂಗಡಿಯ ಖಾತೆಯಲ್ಲಿದೆ, ಸಕ್ಕರೆ ತೋಟದ ಉಸ್ತುವಾರಿ ಕೆಲಸದಲ್ಲಿದೆ, ಗುಲಾಮರಿಗೆ ಉಡಿಸಲು ಇಲ್ಲಿನ ಹಳ್ಳಿಗಳಲ್ಲಿ ನೇಯ್ದ ಒರಟು ನಾರುಬಟ್ಟೆಯಲ್ಲಿದೆ.

ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ನಮಗಿಂತ ನಾಲ್ಕೂವರೆ ಗಂಟೆ ಮುಂದೆ ಅಲ್ಲಿ. ಬ್ಯಾರನ್ ಕಾಯಲು ಎದ್ದೇ ಇದ್ದರು.

"ಅಲ್ಲೂ ಹೊಗೆಸೊಪ್ಪು ಬೆಳೀತಾರೇನವ್ವ?"

"ಇಲ್ಲ ಅಪ್ಪ. ಈ ಚಳಿಗೆ ಎಲ್ಲಿ ಬರುತ್ತೆ?"

"ಮತ್ತೆ ಅಷ್ಟು ದೊಡ್ಡ ಮನೆ ಹೆಂಗೆ ಕಟ್ಟಿದ್ರು?"

ಹೇಳಿದೆ. ಅಪ್ಪ ಸುಮ್ಮನಾದರು. ಸೌದೆ ಒಳಗೆ ತಳ್ಳುವ ಸದ್ದು ಫೋನಿನಲ್ಲಿ ಕೇಳಿಸುತ್ತಿತ್ತು.

ಎರಡನೇ ದಿನ: ವಿಶ್ವವಿದ್ಯಾಲಯ

ತಂಗಿಗೆ ಡ್ಯೂಟಿ ಇತ್ತು. ನಾನೊಬ್ಬಳೇ ಹೊರಟೆ. ಮಳೆ ಬಿಟ್ಟಿತ್ತು.

ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ 2021ರಲ್ಲಿ ತೆರೆದ ಹೊಸ ಓದುವ ಕಟ್ಟಡಕ್ಕೆ ಜೇಮ್ಸ್ ಮೆಕ್ಯೂನ್ ಸ್ಮಿತ್ ಹೆಸರಿಟ್ಟಿದ್ದಾರೆ. ಈತ 1813ರಲ್ಲಿ ನ್ಯೂಯಾರ್ಕಿನಲ್ಲಿ ಗುಲಾಮಳ ಹೊಟ್ಟೆಯಲ್ಲಿ ಹುಟ್ಟಿದವನು. ಓದಿನಲ್ಲಿ ಚುರುಕು. ಕಪ್ಪು ಹುಡುಗ ಅಂತ ಅಲ್ಲಿನ ಕಾಲೇಜುಗಳು ಸೇರಿಸಿಕೊಳ್ಳಲಿಲ್ಲ. ಸಾಗರ ದಾಟಿ ಗ್ಲಾಸ್ಗೋಗೆ ಬಂದ. 1837ರಲ್ಲಿ ಡಾಕ್ಟರಾದ. ವೈದ್ಯ ಪದವಿ ಪಡೆದ ಮೊದಲ ಆಫ್ರಿಕನ್ ಅಮೆರಿಕನ್ ಈತನೇ. ಇಲ್ಲಿದ್ದಾಗಲೇ ಗುಲಾಮಗಿರಿ ವಿರೋಧಿ ಸಂಘದಲ್ಲಿ ಕೆಲಸ ಮಾಡಿದ.

ಗಾಜಿನ ಕಟ್ಟಡದೊಳಗೆ ಎಲ್ಲ ಬಣ್ಣದ ಮಕ್ಕಳೂ ಲ್ಯಾಪ್‌ಟಾಪ್ ಹಿಡಿದು ಕೂತಿದ್ದರು. ನೋಡಿ ಕಣ್ಣು ತುಂಬಿ ಬಂತು.

ಅದೇ ವಿಶ್ವವಿದ್ಯಾಲಯ 1792ರಲ್ಲಿ ಗುಲಾಮರ ವ್ಯಾಪಾರ ನಿಲ್ಲಿಸಿ ಅಂತ ಪಾರ್ಲಿಮೆಂಟಿಗೆ ಅರ್ಜಿ ಕೊಟ್ಟಿತ್ತು. ಅದೇ ಹೊತ್ತಿಗೆ ಗುಲಾಮರ ದುಡಿಮೆಯಿಂದ ಬೆಳೆದ ಜನರಿಂದ ದಾನವನ್ನೂ ತೆಗೆದುಕೊಳ್ಳುತ್ತಿತ್ತು. 2018ರಲ್ಲಿ ಅವರೇ ಲೆಕ್ಕ ತೆಗೆದು ಪ್ರಕಟಿಸಿದರು. ಇವತ್ತಿನ ಬೆಲೆಯಲ್ಲಿ 1.67 ಕೋಟಿ ಪೌಂಡಿನಿಂದ 19.8 ಕೋಟಿ ಪೌಂಡಿನವರೆಗೆ. ಮುಂದಿನ ವರ್ಷ ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ಜೊತೆ 2 ಕೋಟಿ ಪೌಂಡಿನ ಒಪ್ಪಂದ ಮಾಡಿಕೊಂಡರು. ಸಾಲದು ಅನ್ನುವವರಿದ್ದಾರೆ. ನನಗೆ ಮುಖ್ಯ ಅನಿಸಿದ್ದು, ಯಾರೂ ಬಲವಂತ ಮಾಡದೆ ತಮ್ಮ ಹಳೆಯ ಖಾತೆ ಬಿಚ್ಚಿ ಜನರ ಮುಂದೆ ಇಟ್ಟಿದ್ದು. ನಮ್ಮಲ್ಲಿ ಜೀತದ ಲೆಕ್ಕವನ್ನು ಹೀಗೆ ತೆಗೆದ ಮಠ, ಕಾಲೇಜು ಯಾವುದಿದೆ?

ದಾರಿಯ ಅಂಗಡಿಯಲ್ಲಿ 'ಟ್ಯಾಬ್ಲೆಟ್' ಅನ್ನುವ ಸಿಹಿ ತಿಂದೆ. ಸಕ್ಕರೆ, ಬೆಣ್ಣೆ, ಗಟ್ಟಿ ಹಾಲು ಕಾಯಿಸಿ ಮಾಡುವುದು. ನಮ್ಮ ಹಾಲಿನ ಬರ್ಫಿಯ ತರಹ, ಆದರೆ ಸಕ್ಕರೆ ಹಲ್ಲಿಗೆ ಮರಳು ಮರಳಾಗಿ ಸಿಗುತ್ತದೆ. ಹೊಗೆಸೊಪ್ಪು ಹೋದ ಮೇಲೆ ಈ ಊರನ್ನು ಹಿಡಿದೆತ್ತಿದ್ದು ಕೆರಿಬಿಯನ್ ಸಕ್ಕರೆ ಮತ್ತು ಹತ್ತಿ. ಒಂದು ತುಂಡು ತಿಂದೆ. ಉಳಿದದ್ದನ್ನು ತಂಗಿಯ ಮಗನಿಗೆ ಕಟ್ಟಿಸಿಕೊಂಡೆ.

ಮೂರನೇ ದಿನ: ಎಡಿನ್‌ಬರೋ, ಲೀತ್

ಗ್ಲಾಸ್ಗೋದಿಂದ ಎಡಿನ್‌ಬರೋಗೆ ರೈಲಿನಲ್ಲಿ ಐವತ್ತು ನಿಮಿಷ. ಆಗಸ್ಟಿನಲ್ಲಿ ಅಲ್ಲಿ ಕಲಾ ಉತ್ಸವ, ರೂಮಿನ ಬಾಡಿಗೆ ಕೇಳಿದರೆ ಎದೆ ಒಡೆಯುತ್ತದೆ. ಗ್ಲಾಸ್ಗೋದಲ್ಲಿ ಉಳಿದು ದಿನಾ ಹೋಗಿ ಬರುವುದೇ ಮೇಲು. 2025ರ ಸೆಪ್ಟೆಂಬರಿಗೆ ಮುಂಚೆ ಬೆಳಗಿನ ಆಫೀಸ್ ಹೊತ್ತು ಕಳೆದ ಮೇಲೆ ಟಿಕೆಟ್ ಅಗ್ಗವಿತ್ತು, ಈಗ ಆ ವ್ಯತ್ಯಾಸ ಇಲ್ಲ.

ಸೇಂಟ್ ಆಂಡ್ರ್ಯೂ ಸ್ಕ್ವೇರಿನ ನಡುವೆ ಆಕಾಶಕ್ಕೆ ಎದ್ದ ಕಂಬ. ತುದಿಯಲ್ಲಿ ಆ ಕಾಲದ ಬ್ರಿಟಿಷ್ ಮಂತ್ರಿ ಹೆನ್ರಿ ಡುಂಡಾಸ್ ಪ್ರತಿಮೆ. 1792ರಲ್ಲಿ ಗುಲಾಮರ ವ್ಯಾಪಾರ ನಿಲ್ಲಿಸುವ ಮಾತು ಕಾಮನ್ಸ್ ಸಭೆಗೆ ಬಂದಾಗ ಈತ ಒಂದು ಪದ ಸೇರಿಸಿದ. 'ಹಂತಹಂತವಾಗಿ'. ಸಭೆ ಒಪ್ಪಿತು. ವ್ಯಾಪಾರ ನಿಂತಿದ್ದು 1807ರಲ್ಲಿ. ಆ ಪದ ಇಲ್ಲದಿದ್ದರೆ ಏನೂ ಪಾಸಾಗುತ್ತಿರಲಿಲ್ಲ ಅಂತ ವಾದಿಸುವವರಿದ್ದಾರೆ. ಈ ತಡದಲ್ಲಿ ಡುಂಡಾಸ್ ಪಾತ್ರವನ್ನು ಹೇಳುವ, ಕಂಬದ ಬುಡದ ಫಲಕಕ್ಕಾಗಿಯೇ ದೊಡ್ಡ ಜಗಳ. 2021ರಲ್ಲಿ ಹಾಕಿದರು, 2023ರಲ್ಲಿ ಯಾರೋ ಕಿತ್ತರು, 2024ರಲ್ಲಿ ಮತ್ತೆ ಹಾಕಿದರು. ಅದಕ್ಕಾಗಿ ಹೋರಾಡಿದವರಲ್ಲಿ ಜಮೈಕಾದಲ್ಲಿ ಹುಟ್ಟಿದ ಸರ್ ಜೆಫ್ ಪಾಮರ್ ಒಬ್ಬರು. ಬಾರ್ಲಿ ವಿಜ್ಞಾನಿ, ಸ್ಕಾಟ್ಲೆಂಡಿನ ಮೊದಲ ಕಪ್ಪು ಪ್ರೊಫೆಸರ್. 2025ರಲ್ಲಿ ತೀರಿಕೊಂಡರು. ನನ್ನ ಮಟ್ಟಿಗೆ ಹದಿನೈದು ವರ್ಷ ಅಂದರೆ ಬರೀ ಸಂಖ್ಯೆಯಲ್ಲ. ಆ ವರ್ಷಗಳಲ್ಲಿ ಲಕ್ಷಗಟ್ಟಲೆ ಜನ ಹಡಗಿನ ತಳದಲ್ಲಿ ಸಾಗರ ದಾಟಿದರು.

ಇದೇ ಡುಂಡಾಸ್ 1793ರಿಂದ 1801ರವರೆಗೆ ಲಂಡನ್ನಿನಲ್ಲಿ ಭಾರತದ ಆಡಳಿತ ನೋಡುವ ಮಂಡಳಿಯ ಅಧ್ಯಕ್ಷ. ಶ್ರೀರಂಗಪಟ್ಟಣ ಬಿದ್ದಿದ್ದು ಈತ ಆ ಕುರ್ಚಿಯಲ್ಲಿದ್ದಾಗಲೇ. ಆದರೆ ಇದೇ ಮನುಷ್ಯ ವಕೀಲನಾಗಿ ಒಬ್ಬ ಗುಲಾಮನ ಪರ ವಾದಿಸಿ ಗೆದ್ದಿದ್ದ. ಜೋಸೆಫ್ ನೈಟ್ ಅಂತ. ಜಮೈಕಾದಲ್ಲಿ ಇವನನ್ನು ಕೊಂಡು ಜಾನ್ ವೆಡರ್‌ಬರ್ನ್ ಅನ್ನುವ ಸಿರಿವಂತ ಸ್ಕಾಟ್ಲೆಂಡಿಗೆ ಕರೆತಂದಿದ್ದ. ಮನೆಯ ಆಳುಹುಡುಗಿಯನ್ನು ಮದುವೆಯಾದ ನೈಟ್, ನನಗೆ ಸಂಬಳ ಬೇಕು, ಸ್ವಾತಂತ್ರ್ಯ ಬೇಕು ಅಂದ. ಕೇಸು ಇಲ್ಲಿನ ದೊಡ್ಡ ಕೋರ್ಟಿಗೆ ಬಂತು. 1778ರಲ್ಲಿ ತೀರ್ಪು: ಸ್ಕಾಟ್ಲೆಂಡಿನ ಕಾನೂನಿನಲ್ಲಿ ಗುಲಾಮಗಿರಿಗೆ ಜಾಗವಿಲ್ಲ. ಆ ಕೋರ್ಟಿನ ಕಟ್ಟಡ ಸೇಂಟ್ ಜೈಲ್ಸ್ ಚರ್ಚಿನ ಹಿಂದೆ ಇದೆ. ಎದುರು ಬೀದಿಯಲ್ಲಿ ಉತ್ಸವದವರ ಡೋಲು, ಬೆಂಕಿ ಆಟ. ಹಿಂದಿನ ಅಂಗಳ ಮಾತ್ರ ನಿಶ್ಶಬ್ದ. ತಂಗಿಗೆ ಈ ಕಥೆ ಹೇಳಿದೆ. ತೀರ್ಪಿನ ನಂತರ ನೈಟ್ ಏನಾದ ಅನ್ನುವುದಕ್ಕೆ ದಾಖಲೆಯೇ ಇಲ್ಲ ಅಂದಾಗ ಅವಳು, "ಬದುಕಿಕೊಂಡ ಬಿಡು, ಅದಕ್ಕೇ ಯಾರೂ ಬರೀಲಿಲ್ಲ" ಅಂದಳು.

ಗಿಲ್‌ಮೋರ್ ಪ್ಲೇಸ್ ಹುಡುಕಿ ನಡೆದೆವು. 33ನೇ ನಂಬರಿನ ಗೋಡೆಯಲ್ಲಿ ಫ್ರೆಡರಿಕ್ ಡಗ್ಲಾಸ್ ಹೆಸರಿನ ಫಲಕ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಈತ 1846ರಲ್ಲಿ ಇಲ್ಲೆಲ್ಲ ಭಾಷಣ ಮಾಡಿದ. ಸ್ಕಾಟ್ಲೆಂಡಿನ ಫ್ರೀ ಚರ್ಚ್ ಅಮೆರಿಕದ ಗುಲಾಮರ ಒಡೆಯರಿಂದ ಸುಮಾರು 3,000 ಪೌಂಡ್ ದೇಣಿಗೆ ಪಡೆದಿತ್ತು. 'ಆ ಹಣ ವಾಪಸ್ ಕಳಿಸಿ' ಅನ್ನುವುದು ಅವನ ಕೂಗು. ಊರಿನ ಗೋಡೆಗಳ ಮೇಲೆಲ್ಲ ಜನ ಅದನ್ನು ಬರೆದರು. ಚರ್ಚ್ ಕೊನೆಗೂ ಹಣ ಕಳಿಸಲಿಲ್ಲ.

ಲೀತ್ ಬಂದರಿಗೆ ಹೋಗುವಾಗ ತಪ್ಪು ಬಸ್ಸು ಹತ್ತಿ ಅರ್ಧ ಊರು ಸುತ್ತಿದೆವು. ಡ್ರೈವರ್ ತಾನಾಗಿಯೇ ಒಂದು ಕಡೆ ಇಳಿಸಿ, ಯಾವ ಬಸ್ಸು ಅಂತ ಬೆರಳು ಮಾಡಿ ತೋರಿಸಿದ. ಬಸ್ಸಿನಲ್ಲಿ ಕಾರ್ಡ್ ತಾಗಿಸಿದರೆ ಸಾಕು, ಚಿಲ್ಲರೆಗೆ ಪರದಾಡಬೇಕಿಲ್ಲ. ನದಿ ದಡದಲ್ಲಿ ಕೂತು ಬಿಸಿ ಆಲೂ ಚಿಪ್ಸ್ ತಿಂದೆವು. ಇಲ್ಲಿ ಅದರ ಮೇಲೆ ಉಪ್ಪು ಮತ್ತು ಹುಳಿ ಹುಳಿಯಾದ ಕಂದು ಸಾಸ್ ಸುರಿದು ಕೊಡುತ್ತಾರೆ. ಹುಣಸೆ ಗೊಜ್ಜಿನ ಹತ್ತಿರದ ರುಚಿ.

ಜಾನ್ ಗ್ಲ್ಯಾಡ್‌ಸ್ಟನ್ ಇದೇ ಲೀತಿನಲ್ಲಿ 1764ರಲ್ಲಿ ಹುಟ್ಟಿದ. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಗ್ಲ್ಯಾಡ್‌ಸ್ಟನ್ನನ ಅಪ್ಪ. ಲಿವರ್‌ಪೂಲಿಗೆ ಹೋಗಿ ಬೆಳೆದ, ಗಯಾನಾ, ಜಮೈಕಾಗಳಲ್ಲಿ ತೋಟ ಮಾಡಿದ. 1833ರಲ್ಲಿ ಗುಲಾಮಗಿರಿ ರದ್ದಾದಾಗ ಸರ್ಕಾರ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಕೊಟ್ಟಿದ್ದು ಒಡೆಯರಿಗೆ. ದುಡಿದವರಿಗೆ ಒಂದು ಕಾಸೂ ಇಲ್ಲ. ಅದಕ್ಕೆ ಮಾಡಿದ ಸಾಲ ಪೂರ್ತಿ ತೀರಿದ್ದು 2015ರಲ್ಲಿ. ಗ್ಲ್ಯಾಡ್‌ಸ್ಟನ್ನನಿಗೆ ಎರಡೂವರೆ ಸಾವಿರ ಜನರ ಲೆಕ್ಕಕ್ಕೆ ಒಂದು ಲಕ್ಷ ಪೌಂಡಿಗೂ ಜಾಸ್ತಿ ಸಿಕ್ಕಿತು.

ಮುಂದೆ ತೋಟಕ್ಕೆ ಆಳು ಬೇಕಲ್ಲ. ಅವನು ಕಲ್ಕತ್ತೆಯ ಕಂಪನಿಯೊಂದಕ್ಕೆ ಬರೆದ. 1838ರಲ್ಲಿ ವಿಟ್ಬಿ, ಹೆಸ್ಪರಸ್ ಅನ್ನುವ ಎರಡು ಹಡಗುಗಳು ಕರಾರಿನ ಕೂಲಿಗಳನ್ನು ಹೊತ್ತು ಭಾರತದಿಂದ ಗಯಾನಾ ಮುಟ್ಟಿದವು. ಇಳಿದವರು 396 ಜನ. 1917ರವರೆಗೆ ಹೀಗೆ ಗಯಾನಾ ಒಂದಕ್ಕೇ ಹೋದವರು ಸುಮಾರು 2,39,000. ನಮ್ಮವರ ಆ ದಾರಿಯ ಒಂದು ತುದಿ ಈ ದಡದಲ್ಲಿ ಹುಟ್ಟಿದವನ ಕೈಯಲ್ಲಿತ್ತು. ಸಂಜೆ ಎಂಟಾದರೂ ಬೆಳಕಿತ್ತು. ನೀರಿನ ಮೇಲೆ ಹಂಸಗಳು. ಚಿಪ್ಸ್ ಆರಿಹೋಯಿತು.

ನಾಲ್ಕನೇ ದಿನ: ಇನ್ವೆರೆಸ್ಕ್

ತಂಗಿಗೆ ರಜೆ. ಅವಳ ಮಗನನ್ನೂ ಕರೆದುಕೊಂಡು ಹೊರಟೆವು. ಎಡಿನ್‌ಬರೋದಿಂದ ಬಸ್ಸಿನಲ್ಲಿ ಮಸಲ್‌ಬರೋ. ಅಲ್ಲಿಂದ ಇನ್ವೆರೆಸ್ಕ್ ಹಳ್ಳಿಗೆ ಏರು ದಾರಿಯಲ್ಲಿ ನಡಿಗೆ. ಎರಡೂ ಕಡೆ ಎತ್ತರದ ಹಳೆಯ ಕಲ್ಲಿನ ಗೋಡೆ. ಹುಡುಗ ಗೋಡೆ ಸವರುತ್ತಾ ಮುಂದೆ ಓಡುತ್ತಿದ್ದ.

ಇನ್ವೆರೆಸ್ಕ್ ಲಾಡ್ಜ್ ಒಂದು ದೊಡ್ಡ ಮನೆ. ಒಳಗೆ ಬಿಡುವುದಿಲ್ಲ, ತೋಟ ಮಾತ್ರ ನೋಡಬಹುದು. ತೋಟ ಮೆಟ್ಟಿಲು ಮೆಟ್ಟಿಲಾಗಿ ಎಸ್ಕ್ ನದಿಯ ಕಡೆ ಇಳಿಯುತ್ತದೆ. ಗುಲಾಬಿ, ಸೇಬು, ಗಾಜಿನ ಹೂಮನೆ. ಬೆಂಚಿನಲ್ಲಿ ಕೂತು ತಂಗಿ ಮಾಡಿ ತಂದಿದ್ದ ಚಿತ್ರಾನ್ನದ ಡಬ್ಬಿ ಬಿಚ್ಚಿದೆವು. ಗಾಳಿ ಇತ್ತು, ಆದರೆ ಬಿಸಿಲೂ ಇತ್ತು.

ಈ ಮನೆಯ ಒಡೆಯ ಜೇಮ್ಸ್ ವೆಡರ್‌ಬರ್ನ್. ಜೋಸೆಫ್ ನೈಟ್‌ನನ್ನು ಕೊಂಡಿದ್ದ ಜಾನ್‌ನ ತಮ್ಮ. ಇವರ ಅಪ್ಪ 1746ರಲ್ಲಿ ರಾಜನ ವಿರುದ್ಧ ದಂಗೆಯೆದ್ದು, ಸೋತು ಗಲ್ಲಿಗೇರಿದವನು. ಆಸ್ತಿ ಹೋಯಿತು. ಮಕ್ಕಳು ಜಮೈಕಾಗೆ ಹೋಗಿ ಶ್ರೀಮಂತರಾಗಿ ಬಂದರು. ಸ್ವತಃ ಅನ್ಯಾಯ ಉಂಡ ಮನೆಯವರೇ ಇದನ್ನು ಮಾಡಿದರಲ್ಲ ಅನ್ನುವುದು ನನಗೆ ಇಡೀ ಪ್ರವಾಸದಲ್ಲಿ ಜಾಸ್ತಿ ನೋವು ಕೊಟ್ಟ ಸಂಗತಿ.

ಜೇಮ್ಸ್‌ಗೆ ಜಮೈಕಾದಲ್ಲಿ ರೊಸಾನ್ನಾ ಅನ್ನುವ ಗುಲಾಮ ಹೆಣ್ಣಿನಲ್ಲಿ ಒಬ್ಬ ಮಗ ಹುಟ್ಟಿದ. ರಾಬರ್ಟ್. ಅವನು ಇನ್ನೂ ಹೊಟ್ಟೆಯಲ್ಲಿದ್ದಾಗಲೇ ತಾಯಿಯನ್ನು ಜೇಮ್ಸ್ ಮಾರಿದ್ದ. ಮಗುವನ್ನು ಸಾಕಿದ್ದು ಅಜ್ಜಿ ಆಮಿ. ಎಪ್ಪತ್ತರ ಆಸುಪಾಸಿನ ಆ ಅಜ್ಜಿಗೆ ಚಾಟಿಯಲ್ಲಿ ಹೊಡೆದಿದ್ದನ್ನು ಹುಡುಗ ಕಣ್ಣಾರೆ ಕಂಡ. ದೊಡ್ಡವನಾಗಿ ಹಡಗು ಸೇರಿ ಇಂಗ್ಲೆಂಡಿಗೆ ಬಂದ. ದರ್ಜಿ ಕೆಲಸ ಮಾಡಿದ. ಒಂದು ದಿನ ಅಪ್ಪನನ್ನು ಹುಡುಕಿಕೊಂಡು ಇನ್ವೆರೆಸ್ಕಿನ ಈ ಮನೆಗೇ ಬಂದ.

ಅಪ್ಪ ಮಗನಲ್ಲ ಅನ್ನಲಿಲ್ಲ. ಸೋಮಾರಿ ಅಂದ, ಏನೂ ಕೊಡಲ್ಲ ಅಂದ, ತೊಂದರೆ ಕೊಟ್ಟರೆ ಜೈಲಿಗೆ ಹಾಕಿಸುತ್ತೇನೆ ಅಂದ. ಅಡುಗೆಯವಳು ಕುಡಿಯಲು ಒಂದಿಷ್ಟು ತೆಳು ಬಿಯರ್ ಕೊಟ್ಟಳು. ಆಳು ಒಡಕು ಬಿಟ್ಟ ಆರು ಪೆನ್ಸಿನ ನಾಣ್ಯವೊಂದನ್ನು ಕೊಟ್ಟ. ಇದನ್ನೆಲ್ಲ ರಾಬರ್ಟ್ 1824ರಲ್ಲಿ ತಾನೇ ಬರೆದು ಅಚ್ಚು ಹಾಕಿಸಿದ. ಅಷ್ಟರಲ್ಲಿ ಲಂಡನ್ನಿನಲ್ಲಿ ಗುಲಾಮರ ಪರ, ಬಡವರ ಪರ ಭಾಷಣ ಮಾಡುವವನಾಗಿದ್ದ. ಆಡಿದ ಮಾತಿಗೆ ಎರಡು ವರ್ಷ ಜೈಲೂ ಕಂಡಿದ್ದ. ಅವನ ಮಲತಮ್ಮ, ಆಸ್ತಿಯ ವಾರಸುದಾರ, ಇವನು ನಮ್ಮಪ್ಪನ ಮಗನೇ ಅಲ್ಲ ಅಂತ ಪತ್ರಿಕೆಗೆ ಬರೆದ.

ಪಕ್ಕದ ಬೆಂಚಿನಲ್ಲಿ ಒಬ್ಬ ಕಪ್ಪು ಹೆಂಗಸು ಕೂತಿದ್ದರು. ಅರವತ್ತು ದಾಟಿರಬೇಕು. ಚಿತ್ರಾನ್ನದ ಬಣ್ಣ ನೋಡಿ ಏನದು ಅಂತ ಕೇಳಿದರು. ಕೊಟ್ಟೆವು. ಕಡಲೆಬೀಜ ಇಷ್ಟವಾಯಿತು. ಅಪ್ಪ ಅಮ್ಮ ಜಮೈಕಾದವರಂತೆ, ತಾವು ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದ್ದಂತೆ. ಅವರ ಮನೆತನದ ಹೆಸರು ಅಪ್ಪಟ ಸ್ಕಾಟಿಷ್. "ಇಲ್ಲಿನ ಹೋಟೆಲಿನವರು ಹೆಸರು ನೋಡಿ, ಓ ನೀವು ನಮ್ಮವರೇ ಅಂತಾರೆ. ಹೇಗೆ ಅಂತ ವಿವರಿಸೋಕೆ ಹೊರಟರೆ ಮಾತು ಬದಲಾಯಿಸ್ತಾರೆ" ಅಂದರು. ಆಮೇಲೆ ನಾವು ನಾಲ್ವರೂ ಒಟ್ಟಿಗೆ ಮೆಟ್ಟಿಲಿಳಿದು ಕೆಳಗಿನ ಕೊಳದವರೆಗೆ ಹೋದೆವು. ಮಂಡಿ ನೋವು ಅಂತ ಅವರು ನನ್ನ ಕೈ ಹಿಡಿದುಕೊಂಡಿದ್ದರು.

ಅಪ್ಪನ ಫೋನ್ ಬಂತು. ಬ್ಯಾರನ್ ಆರಿಸಿದ್ದರಂತೆ, ಎಲೆ ಹಳದಿ ಚೆನ್ನಾಗಿ ಬಂದಿದೆಯಂತೆ. ನಾನು ರಾಬರ್ಟ್ ಕಥೆ ಹೇಳಿದೆ. "ಆ ಅಜ್ಜಿ ಹೆಸರೇನಂದೆ?" ಅಂತ ಕೇಳಿದರು.

"ಆಮಿ."

"ಏಟು ಯಾಕೆ ಹೊಡೆದ್ರಂತೆ?"

ಮಾಟ ಮಾಡಿದಳು ಅಂತ ಯಾರೋ ದೂರು ಹೇಳಿದ್ದಕ್ಕೆ ಅಂದೆ. ಅಪ್ಪ ಥೂ ಅಂದರು.

ವಾಪಸ್ ಇಳಿಯುವಾಗ ಹುಡುಗ ನನ್ನ ಬೆರಳು ಹಿಡಿದುಕೊಂಡ. "ದೊಡ್ಡಮ್ಮ, ಒಡೆದ ಕಾಯಿನ್ ಅಂಗಡಿಯಲ್ಲಿ ತಗೋತಾರಾ?"

"ಇಲ್ಲ ಕಂದ."

"ಮತ್ತೆ ಅವನು ಅದನ್ನ ಏನು ಮಾಡಿದ?"

ಬಸ್ ಸ್ಟಾಪ್ ಬರುವವರೆಗೂ ಅದನ್ನೇ ಕೇಳುತ್ತಿದ್ದ.